ಪೌಡರ್ ಸಣ್ಣದಾದಷ್ಟೂ ಕೋಟಿಂಗ್ ಜಾಸ್ತಿ ಬಾಳುತ್ತಾ?

ಎಚ್‌ವಿಒಎಫ್ ಗನ್ನಿನಲ್ಲಿ (ಆಕ್ಸಿಜನ್, ಫ್ಯೂಯೆಲ್ ಉರಿಸಿ ಪೌಡರನ್ನು ಕಾಯಿಸಿ ಭಾರೀ ವೇಗದಲ್ಲಿ ಲೋಹದ ಮೇಲೆ ಬಡಿಯುವ ಗನ್) ಟಂಗ್‌ಸ್ಟನ್ ಕಾರ್ಬೈಡ್ ಅನ್ನೋ ತುಂಬಾ ಗಟ್ಟಿ ಪದಾರ್ಥ ಹೊಡೆಯುವಾಗ 15–45 ಮೈಕ್ರಾನ್ ಪೌಡರ್ ಬಿಟ್ಟು 5–20ಕ್ಕೆ ಹೋದರೆ ಪಂಪ್ ಸ್ಲೀವ್ (ಶಾಫ್ಟಿಗೆ ತೊಡಿಸುವ ಕೊಳವೆ) ಸವೆಯುವುದು ಕಡಿಮೆಯಾಗುತ್ತಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ನಾನು ಕೈ ಸುಟ್ಟುಕೊಂಡಿದ್ದೇನೆ.

ಆಗ ಪೀಣ್ಯ 2ನೇ ಹಂತದ ಒಂದು ಶೆಡ್ಡಿನಲ್ಲಿ ಗನ್ ನನ್ನ ಕೈಯಲ್ಲಿತ್ತು. ಮರಳು ನೀರೆತ್ತುವ ಪಂಪಿನ ಸ್ಲೀವ್‌ಗಳು, ಒಟ್ಟು ಹನ್ನೆರಡು. ಸಣ್ಣ ಪೌಡರ್ ತರಿಸಿ ಹೊಡೆದೆ. ಸ್ಯಾಂಪಲ್ ಪಾಲಿಶ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ರಂಧ್ರ ಇಲ್ಲ. ಹಾರ್ಡ್‌ನೆಸ್ಸೂ ಮೊದಲಿಗಿಂತ ಮೇಲೆ. ಬೀಗಿದ್ದೇ ಬೀಗಿದ್ದು. ಎರಡು ತಿಂಗಳಿಗೆ ಹಳೇ ಪೇಪರಿನಲ್ಲಿ ಸುತ್ತಿಕೊಂಡು ಒಂದು ಸ್ಲೀವ್ ವಾಪಸ್ ಬಂತು. ಅಂಚಿನಲ್ಲಿ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಎದ್ದಿತ್ತು. ಉಗುರು ಹಾಕಿದರೆ ಇನ್ನೊಂದು ಚೂರು ಉದುರಿತು.

ತಪ್ಪು ಪೌಡರಿನದಲ್ಲ, ನನ್ನದು. ಪೌಡರ್ ಬದಲಾಯಿಸಿದೆ, ಸೆಟ್ಟಿಂಗ್ ಮುಟ್ಟಲಿಲ್ಲ. ಅದೇ ಆಕ್ಸಿಜನ್, ಅದೇ ಫ್ಯೂಯೆಲ್, ಅದೇ ದೂರ. ಸ್ವಲ್ಪ ಯೋಚನೆ ಮಾಡಿ: 40 ಮೈಕ್ರಾನ್ ಕಾಳಿಗೂ 10 ಮೈಕ್ರಾನ್ ಕಾಳಿಗೂ ತೂಕದಲ್ಲಿ 64 ಪಟ್ಟು ವ್ಯತ್ಯಾಸ. ತೂಕಕ್ಕೆ ಹೋಲಿಸಿದರೆ ಸಣ್ಣದಕ್ಕೆ ಮೈ ಜಾಸ್ತಿ, ಅದೇ ಉರಿಯಲ್ಲಿ ಬೇಗ ಕಾಯುತ್ತದೆ. ದಪ್ಪ ಕಾಳು ಬೇಯುವ ಹೊತ್ತಿಗೆ ಇದು ಸೀದು ಹೋಗಿರುತ್ತದೆ. ಕಾರ್ಬೈಡಿನ ಕಾರ್ಬನ್ ಉರಿದುಹೋಗಿ ಡಬ್ಲ್ಯು2ಸಿ ಅನ್ನೋ ಬಿರುಸು ಪದಾರ್ಥ ಉಳಿಯುತ್ತದೆ. ಅದು ಗಟ್ಟಿ, ಹಾಗಾಗಿ ಹಾರ್ಡ್‌ನೆಸ್ ಮೀಟರ್ ಖುಷಿಪಡುತ್ತದೆ. ಮರಳು ಬಡಿದರೆ ಬಿರುಕು ಬಿಡುತ್ತದೆ. ನಾನು ರಂಧ್ರ ಹುಡುಕಿದೆ, ಕೋಟಿಂಗಿನಲ್ಲಿ ಯಾವ ಪದಾರ್ಥ ಇದೆ ಅಂತ ತೋರಿಸುವ ಎಕ್ಸ್‌ರೇ ಡಿಫ್ರಾಕ್ಷನ್ ಟೆಸ್ಟ್ ಮಾಡಿಸಲಿಲ್ಲ. ಮಾಡಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಇನ್ನೊಂದು ಎಡವಟ್ಟು. ಮಳೆಗಾಲ, ಡಬ್ಬದ ಮುಚ್ಚಳ ರಾತ್ರಿಯಿಡೀ ತೆರೆದಿತ್ತು. ಸಣ್ಣ ಪೌಡರ್ ತೇವ ಹಿಡಿದರೆ ಮುದ್ದೆ ಕಟ್ಟುತ್ತದೆ. ಫೀಡರ್ ಪೈಪ್ ಬಿಕ್ಕಳಿಸುತ್ತಿದ್ದರೂ ಸುಮ್ನೆ ಹೊಡೆಯುತ್ತಾ ಹೋದೆ.

ಹಾಗಂತ ದಪ್ಪ ಪೌಡರೇ ಒಳ್ಳೆಯದು ಅಂತಲ್ಲ. ತೀರಾ ದಪ್ಪವಾದರೆ ಅರೆಬೆಂದ ಕಾಳು, ರಂಧ್ರ. ಆದರೆ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನಿಸುತ್ತದೆ. ಒಂದೊಂದು ಪೌಡರ್ ಕಾಳೂ ಲೋಹದಿಂದ ಅಂಟಿಸಿದ ಸಣ್ಣ ಕಾರ್ಬೈಡ್ ಕಾಳುಗಳ ಉಂಡೆ. ಪೌಡರಿನ ಕಾಳು ಬೇರೆ, ಆ ಕಾಳಿನೊಳಗಿನ ಕಾರ್ಬೈಡಿನ ಕಾಳು ಬೇರೆ. ಸವೆತಕ್ಕೆ ಎರಡನೆಯದೂ ಅಷ್ಟೇ ಮುಖ್ಯ, ಅದನ್ನು ಯಾರೂ ಕೇಳೋದೇ ಇಲ್ಲ ಅಲ್ವಾ? ಸಣ್ಣ ಪೌಡರೇ ಬೇಕೆಂದರೆ ಆಕ್ಸಿಜನ್ ಬದಲು ಗಾಳಿ ಬಳಸುವ, ಉರಿ ತಣ್ಣಗಿರುವ ಎಚ್‌ವಿಎಎಫ್ ಗನ್ ಕಡೆ ನೋಡಿ. ಇರೋ ಗನ್ನಿನಲ್ಲೇ ಮಾಡೋದಾದರೆ ಮೊದಲು ಉರಿ ಇಳಿಸಿ, ಪೌಡರನ್ನು ಓವನ್ನಿನಲ್ಲಿ ಒಣಗಿಸಿ, ನಾಲ್ಕು ಸ್ಯಾಂಪಲ್ ಹೊಡೆದು ಮರಳಿಗೆ ಉಜ್ಜಿ ಸವೆತ ಅಳೆಯುವ ಎಎಸ್‌ಟಿಎಂ ಜಿ65 ಟೆಸ್ಟಿಗೆ ಕೊಡಿ. ಹೊಡೆದು ಮುಗಿದ ಮೇಲೆ ಬ್ಯಾರೆಲ್ ಒಳಗೆ ಟಾರ್ಚ್ ಬಿಡಿ. ಗೋಡೆಗೆ ಸಾಸಿವೆಯಂತೆ ಏನಾದರೂ ಅಂಟಿದ್ದರೆ ಪೌಡರ್ ಒಳಗೇ ಕರಗಿ ಅಂಟುತ್ತಿದೆ ಅಂತ ಅರ್ಥ, ಗಿರಾಕಿಯ ಸ್ಲೀವ್ ಮುಟ್ಟಬೇಡಿ.