ಗುಂಯ್ ಅನ್ನುತ್ತಿರುವುದು ಕಂಪ್ಯೂಟರ್ ಅಲ್ಲ, ಗೋಡೆ

ಪ್ರಶ್ನೆ: ಸರ್, ನಮ್ಮ ಮನೆಯ ಡೆಸ್ಕ್‌ಟಾಪ್‌ಗೆ ಮೈಕ್ ಹಾಕಿದರೆ ಮಾತಿನ ಜೊತೆ ‘ಗುಂಯ್’ ಅಂತ ಒಂದೇ ಸಮನೆ ಸದ್ದು ಹೋಗುತ್ತದೆ. ಮಗಳು ಆನ್‌ಲೈನ್‌ನಲ್ಲಿ ಸಂಗೀತ ಕಲಿಯುತ್ತಾಳೆ. ಟೀಚರ್ “ಶ್ರುತಿ ಪೆಟ್ಟಿಗೆ ಸ್ವಲ್ಪ ಆಫ್ ಮಾಡಮ್ಮ” ಅಂತಾರೆ. ಪೆಟ್ಟಿಗೆ ಆನ್ ಆಗಿರುವುದೇ ಇಲ್ಲ! ಕ್ಯಾಬಿನೆಟ್ ಮೇಲೆ ಕೈ ಇಟ್ಟರೆ ಸದ್ದು ತಗ್ಗುತ್ತದೆ. ಎರಡು ಮೈಕ್ ಬದಲಾಯಿಸಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿಕೊಟ್ಟರು. ಈಗ ಮದರ್‌ಬೋರ್ಡ್ ಬದಲಿಸಿ ಅಂತಿದ್ದಾರೆ. – ಓದುಗರು, ಹನುಮಂತನಗರ

ಬದಲಿಸಬೇಡಿ. ಇದೇ ಪ್ರಶ್ನೆ ಬೇರೆ ಬೇರೆ ಬಡಾವಣೆಗಳಿಂದ ಬರುತ್ತಲೇ ಇದೆ. ಪ್ರತಿ ಸಲವೂ ಯಾರೋ ಒಬ್ಬರು ಮೊದಲು ಫಾರ್ಮ್ಯಾಟ್ ಮಾಡಿರುತ್ತಾರೆ. ಗುಂಯ್ ಅನ್ನುವ ಸದ್ದಿಗೂ ವಿಂಡೋಸ್‌ಗೂ ಏನು ಸಂಬಂಧ? ನಲ್ಲಿ ಸೋರಿದರೆ ಗೋಡೆಗೆ ಸುಣ್ಣ ಹೊಡೆದ ಹಾಗಾಯಿತು.

ಕೈ ಇಟ್ಟರೆ ತಗ್ಗುತ್ತದೆ ಅಂತ ಬರೆದಿದ್ದೀರಲ್ಲ, ಅಲ್ಲೇ ಉತ್ತರ ಇದೆ. ನಮ್ಮ ಗೋಡೆಯ ಕರೆಂಟು 230 ವೋಲ್ಟ್, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದೆ. ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಒಳಗೆ ಕರೆಂಟಿನಲ್ಲಿರುವ ಕಸವನ್ನು ಸೋಸಲು ಸಣ್ಣ ಕೆಪಾಸಿಟರ್‌ಗಳಿವೆ. ಅವು ಒಂದಿಷ್ಟು ಕರೆಂಟನ್ನು ಬೇಕೆಂತಲೇ ತಗಡಿನ ಮೈಗೆ ಬಿಡುತ್ತವೆ, ಅದು ಮೂರನೇ ಪಿನ್ನಿನ ಮೂಲಕ ನೆಲಕ್ಕೆ ಹೋಗಲಿ ಅಂತ. ಆ ಪಿನ್ನಿನ ಹಿಂದೆ ಅರ್ಥಿಂಗ್ ಇಲ್ಲದಿದ್ದರೆ ಅದು ಎಲ್ಲಿಗೆ ಹೋಗಬೇಕು? ಕ್ಯಾಬಿನೆಟ್ಟಿನ ಮೈಯಲ್ಲೇ ಸುಮಾರು 115 ವೋಲ್ಟ್ ಕೂತಿರುತ್ತದೆ. ಕರೆಂಟು ತುಂಬ ಕಡಿಮೆ, ಒದ್ದೆ ಕಾಲಲ್ಲಿ ಮುಟ್ಟಿದರೆ ಜುಮ್ ಅನ್ನುವಷ್ಟು. ಆದರೆ ಮೈಕಿನಿಂದ ಬರುವ ಧ್ವನಿ ಬರೀ ಕೆಲವು ಮಿಲಿವೋಲ್ಟ್. ಅದರ ಪಕ್ಕದಲ್ಲಿ ಈ ರಾಕ್ಷಸ. ನೀವು ಕೈ ಇಟ್ಟಾಗ ನಿಮ್ಮ ಮೈಯೇ ಅರ್ಥಿಂಗ್ ಆಗುತ್ತಿದೆ. ಇನ್ನು ಮೇಲೆ ಹಾಗೆ ಮುಟ್ಟಿ ನೋಡಬೇಡಿ.

ಟೀಚರ್ ಕಿವಿಯನ್ನು ಮೆಚ್ಚಬೇಕು. ಸೆಕೆಂಡಿಗೆ 50 ಸಲ ಅನ್ನುವ ಆ 50 ಹರ್ಟ್ಸ್ ಸದ್ದು ಒಂಟಿಯಾಗಿ ಬರುವುದಿಲ್ಲ; 100, 150, 200 ಹೀಗೆ ಪರಿವಾರ ಸಮೇತ ಬರುತ್ತದೆ. ಶ್ರುತಿ ಪೆಟ್ಟಿಗೆಯಲ್ಲಿ ಐದು ಮನೆ ಶ್ರುತಿ ಇಟ್ಟರೆ ‘ಸ’ ಸುಮಾರು 196 ಹರ್ಟ್ಸ್. ಪಕ್ಕದಲ್ಲೇ 200 ಗುಂಯ್‌ಗುಡುತ್ತಿದ್ದರೆ ಅದು ಶ್ರುತಿ ಪೆಟ್ಟಿಗೆಯೇ, ಸ್ವಲ್ಪ ಅಪಶ್ರುತಿಯದು.

ಈಗ ಮಾಡಬೇಕಾದ್ದು. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದೇ ಮೈಕ್ ಹಾಕಿ, ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಸದ್ದು ಇಲ್ಲದಿದ್ದರೆ ಮೈಕ್ ಚೆನ್ನಾಗಿದೆ. ಆಮೇಲೆ ಡೆಸ್ಕ್‌ಟಾಪನ್ನು ಹತ್ತು ನಿಮಿಷ ಫ್ರಿಜ್ಜಿನ ಪಾಯಿಂಟಿಗೆ ಹಾಕಿ ನೋಡಿ. ಬೆಂಗಳೂರಿನ ಹಳೆ ಮನೆಗಳಲ್ಲಿ, ಅದರಲ್ಲೂ ಮೇಲೆ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಬಿಟ್ಟ ಮನೆಗಳಲ್ಲಿ, ಗೀಸರಿಗೂ ಫ್ರಿಜ್ಜಿಗೂ ಮಾತ್ರ ಅರ್ಥ್ ವೈರ್ ಎಳೆದಿರುವುದನ್ನು ಎಷ್ಟೋ ನೋಡಿದ್ದೇನೆ. ಹಾಲಿನ 5 ಆಂಪ್ ಸಾಕೆಟ್ಟಿನಲ್ಲಿ ಮೂರನೇ ತೂತು ಇರುತ್ತದೆ. ಹಿಂದೆ ವೈರೇ ಇರುವುದಿಲ್ಲ. ಫ್ರಿಜ್ ಪಾಯಿಂಟಿನಲ್ಲಿ ಸದ್ದು ನಿಂತರೆ ಮುಗಿಯಿತು, ಎಲೆಕ್ಟ್ರಿಷಿಯನ್ ಕರೆಸಿ.

ಅವನು ಫೇಸಿಗೂ ಅರ್ಥಿಗೂ ನಡುವೆ ಬಲ್ಬ್ ಹಾಕಿ ಪರೀಕ್ಷೆ ಮಾಡಲಿ. ಬರೀ ಟೆಸ್ಟರ್ ಚುಚ್ಚಿ “ಎಲ್ಲಾ ಸರಿ ಇದೆ ಸರ್” ಅಂದರೆ ನಂಬಬೇಡಿ. ಅರ್ಥ್ ತೂತಿನಲ್ಲಿ ಟೆಸ್ಟರ್ ಹತ್ತಬಾರದು ನಿಜ, ಆದರೆ ತುಂಡಾದ ವೈರಿನಲ್ಲೂ ಅದು ಹತ್ತುವುದಿಲ್ಲ. ಅಂಗಳದಲ್ಲಿ ಇದ್ದಿಲು, ಉಪ್ಪು ಹಾಕಿದ ಹಳೇ ಅರ್ಥಿಂಗ್ ಗುಂಡಿ ಇದ್ದರೆ ಮಾರ್ಚ್ ಬಂದಾಗ ಒಂದೆರಡು ಬಕೆಟ್ ನೀರು ಸುರಿಯಿರಿ. ಮಣ್ಣು ಒಣಗಿದರೆ ಗುಂಡಿ ಇದ್ದೂ ಇಲ್ಲದ ಹಾಗೆ.

ಕೆಲವು ಮಹಾನುಭಾವರು ಹೊಸ ವೈರ್ ಎಳೆಯುವ ಬದಲು ಸಾಕೆಟ್ ಒಳಗೇ ನ್ಯೂಟ್ರಲ್ಲಿನಿಂದ ಅರ್ಥಿಗೆ ಒಂದು ತುಂಡು ವೈರ್ ಸಿಕ್ಕಿಸುತ್ತಾರೆ. ಗುಂಯ್ ಕೂಡ ನಿಲ್ಲುತ್ತದೆ, ನೀವು ಖುಷಿಯಾಗಿ ಇನ್ನೂರು ರೂಪಾಯಿ ಜಾಸ್ತಿ ಕೊಡುತ್ತೀರಿ. ಎಂದೋ ಒಂದು ದಿನ ನ್ಯೂಟ್ರಲ್ ಕಡಿದರೆ ಆ ಕ್ಯಾಬಿನೆಟ್ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಹೀಗೆ ಮಾಡುವವನನ್ನು ಬಾಗಿಲಿನಿಂದಲೇ ಕಳಿಸಿ.

ಮೂರನೇ ಪಿನ್ ಮುರಿಯುವುದು ಇನ್ನೊಂದು ನಾಟಿ ಮದ್ದು. ಬಯ್ಯುವ ಹಕ್ಕು ನನಗೆ ಪೂರ್ತಿ ಇಲ್ಲ. ಹುಡುಗನಾಗಿದ್ದಾಗ ಒಂದು ಗಣೇಶನ ಪೆಂಡಾಲಿನಲ್ಲಿ ಆಂಪ್ಲಿಫೈಯರ್ ಗುಂಯ್ ಅಂತಿತ್ತು, ನಾನೇ ಕಟಿಂಗ್ ಪ್ಲೇಯರ್‌ನಲ್ಲಿ ಆ ಪಿನ್ ಮುರಿದೆ. ಸದ್ದು ನಿಂತಿತು, ಎಲ್ಲರೂ ಬೆನ್ನು ತಟ್ಟಿದರು. ಆಮೇಲೆ ತುಂತುರು ಮಳೆ. ಹಾಡುವವರ ತುಟಿ ಮೈಕಿಗೆ ತಾಗಿದ್ದೇ ತಡ, ಹಿಂದಕ್ಕೆ ಬಿದ್ದರು. ಎರಡು ನಿಮಿಷ ಎದ್ದೇಳಲಿಲ್ಲ. ಆ ಎರಡು ನಿಮಿಷ ನನಗೆ ಈಗಲೂ ನೆನಪಾಗುತ್ತದೆ. ಅದಕ್ಕೇ ಈ ವಿಷಯದಲ್ಲಿ ನನ್ನದು ಅತಿ ಅನ್ನಿಸಿದರೆ ಅನ್ನಿಸಲಿ.

ಅರ್ಥ್ ಸರಿ ಇದ್ದೂ ಸ್ಪೀಕರಿನಲ್ಲಿ ಗುಂಯ್ ಬಂದರೆ, ಕಂಪ್ಯೂಟರ್ ಹೋಮ್ ಥಿಯೇಟರಿಗೋ ಟಿವಿಗೋ ಸೇರಿದೆಯಾ ನೋಡಿ. ಟಿವಿಯ ಕೇಬಲ್ ವೈರ್ ಕಿತ್ತರೆ ಸದ್ದು ನಿಲ್ಲುತ್ತದಾ? ಹಾಗಿದ್ದರೆ ನೆಲಕ್ಕೆ ಎರಡು ದಾರಿ ಆಗಿ ಕರೆಂಟು ಸುತ್ತು ಹೊಡೆಯುತ್ತಿದೆ; ಪಿನ್ ಮುರಿದಾಗ ಕೆಲವು ಸಲ ಸದ್ದು ನಿಲ್ಲುವುದೂ ಈ ಸುತ್ತು ಕಡಿಯುವುದರಿಂದಲೇ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ, ಆಡಿಯೊ ವೈರಿನ ನಡುವೆ ಹಾಕುವ ‘ಗ್ರೌಂಡ್ ಲೂಪ್ ಐಸೊಲೇಟರ್’ ಕೇಳಿ. ಇನ್ನು ಗುಂಯ್ ಅಲ್ಲ, ‘ಝರ್ರ್’ ಅನ್ನುತ್ತಿದ್ದರೆ ಫ್ಯಾನಿನ ರೆಗ್ಯುಲೇಟರ್ ಫುಲ್ ಮಾಡಿ ನೋಡಿ. ಎಷ್ಟು ಬೇಕಾದರೂ ತಿರುಗುವ ನಾಬ್ ರೆಗ್ಯುಲೇಟರ್ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಅದರ ಸದ್ದು ಅದು.

ಪ್ರಶ್ನೆ: ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿ ಕೇಳಿಸುತ್ತದೆ. ಮೀಟಿಂಗ್ ಶುರುವಾದ ಕೂಡಲೇ ಡಬ್ಬದೊಳಗಿಂದ ಬಂದ ಹಾಗೆ. ಹೆಡ್‌ಸೆಟ್ ಕೆಟ್ಟಿದೆಯಾ? – ಮಾರತ್‌ಹಳ್ಳಿ

ಕೆಟ್ಟಿಲ್ಲ. ಹಾಡಿನ ದಾರಿ ಒನ್‌ವೇ. ಮೈಕ್ ಬೇಕು ಅಂದ ಕ್ಷಣ ಹೆಡ್‌ಸೆಟ್ ಫೋನ್ ಕಾಲಿನ ಗಲ್ಲಿಗೆ ಇಳಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಧ್ವನಿಯನ್ನು ಅಳೆದು ಕಳಿಸುವುದು (ಸ್ಯಾಂಪಲ್) ಸೆಕೆಂಡಿಗೆ 8,000 ಇಲ್ಲವೇ 16,000 ಸಲ, ಅದೂ ಮೋನೊ, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿ. ಸಿಡಿಯಲ್ಲಿ 44,100. ಮೀಟಿಂಗಿನಲ್ಲಿ ಮೈಕ್ ಅಂತ ಲ್ಯಾಪ್‌ಟಾಪಿನದನ್ನೇ ಆರಿಸಿ, ಕಿವಿಗೆ ಮಾತ್ರ ಹೆಡ್‌ಸೆಟ್ ಇಟ್ಟುಕೊಳ್ಳಿ.

ಪ್ರಶ್ನೆ: ಫೋನಿನ ಇಯರ್‌ಫೋನನ್ನು ಡೆಸ್ಕ್‌ಟಾಪಿನ ಗುಲಾಬಿ ತೂತಿಗೆ ಹಾಕಿದರೆ ಮೈಕ್ ಬರಲ್ಲ. – ವಿಜಯನಗರ

ಅದರ ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ನಿಮ್ಮ ತೂತು ಎರಡು ಗೆರೆಯ ಪಿನ್ನಿಗೆ. ಮೈಕಿಗೊಂದು, ಇಯರ್‌ಫೋನಿಗೊಂದು ಪಿನ್ ಆಗಿ ಕವಲೊಡೆದ ಸ್ಪ್ಲಿಟರ್ ವೈರ್ ತನ್ನಿ.

ಪ್ರಶ್ನೆ: ಧ್ವನಿ ಸಣ್ಣಗಿದೆ, ಮೈಕ್ ಬೂಸ್ಟ್ 30 ಡೆಸಿಬೆಲ್ ಇಡಲಾ? – ಯಲಹಂಕ

ಬೇಡ, ಕುಕ್ಕರ್ ವಿಷಲ್ಲೂ ಅಷ್ಟೇ ಏರುತ್ತದೆ. ಮೈಕ್ ಹತ್ತಿರ ತನ್ನಿ. ದೂರ ಅರ್ಧ ಆದರೆ 6 ಡೆಸಿಬೆಲ್ ಪುಕ್ಕಟೆ.

ಪ್ರಶ್ನೆ: ಡ್ರೈವರ್ ಸರಿ ಮಾಡುವ ಸಾಫ್ಟ್‌ವೇರ್ ದುಡ್ಡು ಕೇಳುತ್ತಿದೆ. – ಜೆ.ಪಿ. ನಗರ

ಕಿತ್ತುಹಾಕಿ.

ಪ್ರಶ್ನೆ: ಪಕ್ಕದ ಮನೆ ಸದ್ದು ಬರದ ಹಾಗೆ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಲಾ? – ಶ್ರೀರಾಮಪುರ

ಹಗುರ ಕಾಗದ ಸದ್ದು ತಡೆಯುವುದಿಲ್ಲ, ಬೆಂಕಿ ಮಾತ್ರ ಬೇಗ ಹಿಡಿಯುತ್ತದೆ. ಕಿಟಕಿಯ ಸಂದು ಮುಚ್ಚಿ.