ದ್ವಿತೀಯ ಪಿಯುಸಿಗೆ ಮುನ್ನವೇ ಕಾಲೇಜು ಪ್ರವೇಶದ ಸಿದ್ಧತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗಳು ಮಡಿಕೇರಿಯಲ್ಲಿ ಪ್ರಥಮ ಪಿಯುಸಿ (ಪಿಸಿಎಂಬಿ) ಪರೀಕ್ಷೆ ಬರೆದಿದ್ದಾಳೆ. ಐದನೇ ತರಗತಿಯವರೆಗೆ ಊರಿನಲ್ಲಿ, ಆಮೇಲೆ ಮಡಿಕೇರಿಯಲ್ಲಿ ಓದಿದವಳು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಕ್ಕೆ ಸೇರುವ ಆಸೆಯಿದೆ. ಅಲ್ಲಿ ಸಿಗದಿದ್ದರೆ ಎಂಜಿನಿಯರಿಂಗ್. ನಮ್ಮದು ಸಣ್ಣ ಕಾಫಿ ತೋಟ. ರಜೆಯಲ್ಲಿ ಮೈಸೂರಿಗೆ ಕೋಚಿಂಗ್‌ಗೆ ಕಳುಹಿಸಿ, ಅರ್ಜಿಯ ವಿಚಾರ ಮುಂದಿನ ಜನವರಿಯಲ್ಲಿ ನೋಡಿದರಾಯಿತು ಎಂದು ನೆಂಟರು ಹೇಳುತ್ತಾರೆ. ಈಗಲೇ ಮಾಡಬೇಕಾದದ್ದು ಏನಾದರೂ ಇದೆಯೇ?
– ಒಬ್ಬ ತಾಯಿ, ನಾಪೋಕ್ಲು

ಉತ್ತರ: ಇದೆ, ಮತ್ತು ಅದರಲ್ಲಿ ಹೆಚ್ಚಿನದು ಓದಿಗಿಂತ ಕಾಗದಪತ್ರಕ್ಕೆ ಸಂಬಂಧಿಸಿದ್ದು. ಜನವರಿ ಎಂದರೆ ನಿಮ್ಮಲ್ಲಿ ಕಾಫಿ ಕೊಯ್ಲಿನ ಭರಾಟೆ; ಆಗ ತೋಟ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯುವುದು ಯಾರಿಗೂ ಆಗುವ ಕೆಲಸವಲ್ಲ.

ಮೊದಲು ಹೆಸರಿನ ವಿಚಾರ. ಕೊಡಗಿನಲ್ಲಿ ಮನೆತನದ ಹೆಸರು ಒಂದು ದಾಖಲೆಯಲ್ಲಿ ಪೂರ್ತಿಯಾಗಿ ಮುಂದೆ ಬಂದು, ಇನ್ನೊಂದರಲ್ಲಿ ಬರೀ ಇನಿಷಿಯಲ್ ಆಗಿ, ಮತ್ತೊಂದರಲ್ಲಿ ಕಾಣದೆಯೇ ಹೋಗುವುದು ಸಾಮಾನ್ಯ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಆಧಾರವಾಗಿಟ್ಟುಕೊಂಡು ಆಧಾರ್ ಕಾರ್ಡ್ ಹಾಗೂ ಜಾತಿ ಪ್ರಮಾಣಪತ್ರಗಳನ್ನು ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಈ ರಜೆಯಲ್ಲೇ ತಿದ್ದಿಸಿಕೊಳ್ಳಿ. ಜಾತಿ-ಆದಾಯ ಪ್ರಮಾಣಪತ್ರವು ನಾಡಕಚೇರಿಯಲ್ಲಿ ಸಿಗುತ್ತದೆ, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಕೊಡಬೇಕಾಗುತ್ತದೆ. ಆದಾಯ ಪತ್ರದ ಅವಧಿ 5 ವರ್ಷವಾದ್ದರಿಂದ, ಪ್ರೌಢಶಾಲೆಯಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಪ್ರವೇಶದ ವೇಳೆಗೆ ಮುಗಿದುಹೋಗುವುದೋ ಏನೋ ನೋಡಿಕೊಳ್ಳಿ.

ಗ್ರಾಮೀಣ ಮೀಸಲಾತಿ ನಿಮ್ಮ ಮಗಳಿಗೆ ಅನ್ವಯಿಸುವುದಿಲ್ಲ. ಅದಕ್ಕೆ 1ರಿಂದ 10ನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಮನೆ ಹಳ್ಳಿಯಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಿಮಗೆ ನಿಜವಾಗಿ ಪ್ರಯೋಜನವಾಗಬಹುದಾದದ್ದು ಕೃಷಿಕರ ಕೋಟಾ. ಅರಣ್ಯ, ಕೃಷಿ, ತೋಟಗಾರಿಕೆಯಂತಹ ಪದವಿಗಳಲ್ಲಿ ರೈತರ ಮಕ್ಕಳಿಗೆಂದು ಸೀಟುಗಳನ್ನು ಕಾದಿರಿಸಲಾಗುತ್ತದೆ, ಆದರೆ ಅದಕ್ಕೆ ನಿಗದಿತ ನಮೂನೆಯಲ್ಲಿ ಕೃಷಿಕ ಕುಟುಂಬದ ದೃಢೀಕರಣ ಬೇಕು. ನಿಮ್ಮ ತೋಟ ಜಮ್ಮಾ ಹಿಡುವಳಿಯಾಗಿದ್ದರೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಮೀನು) ಪಹಣಿಯಲ್ಲಿ ಕುಟುಂಬದ ಪಟ್ಟೇದಾರರ, ಅಂದರೆ ಹಿರಿಯರ ಹೆಸರಿದ್ದು, ನಿಮ್ಮ ಯಜಮಾನರ ಹೆಸರು ಇಲ್ಲದಿರಬಹುದು. ಹಾಗಿದ್ದಲ್ಲಿ ಯಾವ ದಾಖಲೆಗಳನ್ನು ಕೊಡಬೇಕು ಎಂಬುದನ್ನು ತಹಶೀಲ್ದಾರ್ ಕಚೇರಿಯಲ್ಲಿ ಮಳೆ ಹಿಡಿಯುವ ಮೊದಲೇ ವಿಚಾರಿಸಿ. ಈ ಕೋಟಾದವರಿಗೆ ಸಿಇಟಿಯ (ವೃತ್ತಿಪರ ಪದವಿಗಳಿಗೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಜೊತೆಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸಬೇಕಾಗುತ್ತದೆ. ಕಾಫಿ, ಕಾಳುಮೆಣಸು, ಏಲಕ್ಕಿಗಳ ನಡುವೆ ಬೆಳೆದ ಮಕ್ಕಳು ಸಜ್ಜೆ, ನವಣೆ, ಕುಸುಬೆಗಳ ಬೀಜವನ್ನು ಕೈಯಲ್ಲಿ ಹಿಡಿದೇ ನೋಡಿರುವುದಿಲ್ಲ. ಸಂತೆಯಿಂದ ಹಿಡಿ ಹಿಡಿ ತಂದು ಸಣ್ಣ ಡಬ್ಬಿಗಳಲ್ಲಿ ಹೆಸರು ಬರೆದಿಟ್ಟರೆ ವರ್ಷವಿಡೀ ನೋಡುತ್ತ ಕಲಿಯಬಹುದು.

ಇನ್ನು ಕೋಚಿಂಗ್. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪಠ್ಯ ಎರಡೂ ವರ್ಷದ್ದು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕಗಳಷ್ಟೇ ತೂಕ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳಿಗೂ ಇದೆ. ಆದ್ದರಿಂದ ದ್ವಿತೀಯ ವರ್ಷದ ಪಾಠವನ್ನು ರಜೆಯಲ್ಲೇ ಓಡಿಸಿ ಮುಗಿಸುವ ಶಿಬಿರಕ್ಕೆ ಹಣ ಕೊಡುವುದಕ್ಕಿಂತ, ಈಗಷ್ಟೇ ಮುಗಿದ ಪ್ರಥಮ ಪಿಯುಸಿಯ ಪಾಠಗಳನ್ನು ಹಳೆಯ ಸಿಇಟಿ ಪ್ರಶ್ನೆಪತ್ರಿಕೆಗಳೊಂದಿಗೆ ಮನೆಯಲ್ಲೇ ಮತ್ತೊಮ್ಮೆ ಓದುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಜೂನ್ ಬಳಿಕ ಅದಕ್ಕೆ ಬಿಡುವು ಸಿಗುವುದಿಲ್ಲ. ಅರಣ್ಯಶಾಸ್ತ್ರದ ಪದವಿ ಶಿರಸಿಯಲ್ಲಿಯೂ ಇರುವುದರಿಂದ ಪೊನ್ನಂಪೇಟೆಯೊಂದನ್ನೇ ನೆಚ್ಚಿಕೊಳ್ಳದೆ ಅದನ್ನೂ ಆಯ್ಕೆಪಟ್ಟಿಯಲ್ಲಿ ಸೇರಿಸಲಿ.

ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ ಇರಲಿ. ಮನೆಯಲ್ಲಿ ನೆಟ್‌ವರ್ಕ್ ಸಿಗದೆಂದು ಸೈಬರ್ ಅಂಗಡಿಯವರ ಸಂಖ್ಯೆ ಕೊಟ್ಟರೆ, ಸೀಟು ಹಂಚಿಕೆಯ ಹೊತ್ತಿಗೆ ಒಟಿಪಿ ಅವರ ಫೋನಿಗೆ ಹೋಗಿ ನೀವು ಅವರನ್ನು ಹುಡುಕುವಂತಾಗುತ್ತದೆ.

ಪ್ರಶ್ನೆ: ನಾನು ಸೋಮವಾರಪೇಟೆಯಲ್ಲಿ ಪ್ರಥಮ ಪಿಯುಸಿ ವಾಣಿಜ್ಯ ಮುಗಿಸಿದ್ದೇನೆ. ಕಾನೂನು ಓದಬೇಕೆಂದಿದ್ದೇನೆ. ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಿದರೆ ಸಾಕಲ್ಲವೇ?
– ವಿದ್ಯಾರ್ಥಿ

ಉತ್ತರ: ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಐದು ವರ್ಷದ ಪದವಿಗಾದರೆ ಸಾಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂತಹ ಸಂಸ್ಥೆಗಳು ಮನಸ್ಸಿನಲ್ಲಿದ್ದರೆ ಸಾಲದು. ಅವುಗಳ ಪ್ರವೇಶಕ್ಕೆ ಬರೆಯಬೇಕಾದ ಕ್ಲ್ಯಾಟ್ ಪರೀಕ್ಷೆ ನಿಮ್ಮ ಮಂಡಳಿ ಪರೀಕ್ಷೆಗೂ ಮೊದಲು, ಡಿಸೆಂಬರ್‌ನಲ್ಲೇ ನಡೆಯುತ್ತದೆ ಮತ್ತು ಅರ್ಜಿ ಮಳೆಗಾಲದಲ್ಲೇ ಆರಂಭವಾಗುತ್ತದೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದ್ದು, ಎರಡು ಗಂಟೆಯಲ್ಲಿ 120 ಪ್ರಶ್ನೆಗಳಿಗೆ ಉತ್ತರಿಸಬೇಕು. ಪ್ರತಿ ತಪ್ಪಿಗೆ ಕಾಲು ಅಂಕ ಕಡಿತ. ಪ್ರಶ್ನೆಗಳೆಲ್ಲ ಉದ್ದನೆಯ ಗದ್ಯಭಾಗಗಳನ್ನು ಆಧರಿಸಿರುವುದರಿಂದ, ಇಂದಿನಿಂದಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಗಡಿಯಾರ ನೋಡಿಕೊಂಡು ಓದುವ ಅಭ್ಯಾಸ ಮಾಡಿಕೊಳ್ಳಿ.