ಬರಹಗಾರರಿಗೆ ಸಲಹೆ: ಐದನೇ ಪುಟದ ಅಕ್ಕ

ಪೆರ್ಲದ ಮಿತ್ರರೇ,

‘ನಗದು ವರ್ಗಾವಣೆ: ಬಡತನಕ್ಕೆ ರಾಮಬಾಣ’ ಎಂಬ ನಿಮ್ಮ ಲೇಖನ ತಲುಪಿತು. ಹನ್ನೊಂದು ಪುಟ. ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಆದರೆ ಐದನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಈ ಉದ್ದದ ಕಾಗದ ಬರೆಯುತ್ತಿರುವುದು ಅದರ ದೆಸೆಯಿಂದ. ಅದಿಲ್ಲದಿದ್ದರೆ ‘ಸ್ಥಳಾವಕಾಶವಿಲ್ಲ, ಕ್ಷಮಿಸಿ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. (ಸ್ಥಳ ಯಾವಾಗಲೂ ಇರುತ್ತದೆ ಮಾರಾಯ್ರೆ. ಸುಮ್ನೆ ಹಾಗೆ ಬರೆಯುವುದು.)

ಮೊದಲು ಬೈದು ಮುಗಿಸುತ್ತೇನೆ.

‘ಷರತ್ತುರಹಿತ ನಗದು ವರ್ಗಾವಣೆ’ ಎಂಬ ಮಾತು ನಿಮ್ಮಲ್ಲಿ 23 ಸಲ ಬಂದಿದೆ. ಎಣಿಸಿದೆ. ಒಂದು ಸಲ ಸಾಕು. ಆಮೇಲೆ ‘ಸುಮ್ಮನೆ ಕೊಡುವ ದುಡ್ಡು’ ಅನ್ನಿ. ಮಗುವನ್ನು ಶಾಲೆಗೆ ಕಳಿಸು, ಚುಚ್ಚುಮದ್ದು ಹಾಕಿಸು ಎಂದೇನೂ ಹೇಳದೆ ಕೈಗೆ ಕೊಡುವ ದುಡ್ಡು. ಓದುವವರಿಗೆ ಅರ್ಥವಾಗುತ್ತದೆ. ‘ಸಬಲೀಕರಣ’ವನ್ನು ಪೂರ್ತಿ ತೆಗೆಯಿರಿ.

ಕೀನ್ಯಾದ ಅಧ್ಯಯನದ ಬಗ್ಗೆ ಎರಡು ಪುಟ ಬರೆದಿದ್ದೀರಿ. ‘ಫಲಾನುಭವಿ ಕುಟುಂಬಗಳ ವಸತಿ ಗುಣಮಟ್ಟ ಗಣನೀಯವಾಗಿ ಸುಧಾರಿಸಿತು’ ಅಂತ ಒಂದು ವಾಕ್ಯ. ಅಲ್ಲಿ ನಿಜಕ್ಕೂ ಆದದ್ದೇನು? 2011ರಿಂದ 2013ರವರೆಗೆ, ರಾರಿಯೆಡಾ ಎಂಬ ಕಡೆ, ಹುಲ್ಲಿನ ಮಾಡು ಇದ್ದ ಮನೆಗಳನ್ನು ಆರಿಸಿದರು. ಮಾಡು ನೋಡಿಯೇ ಬಡವರು ಯಾರೆಂದು ನಿರ್ಧಾರ. ಆ ಮನೆಗಳಲ್ಲಿ ಯಾರಿಗೆ ಕೊಡಬೇಕು ಎಂದು ಚೀಟಿ ಎತ್ತಿದ ಹಾಗೆ ಆರಿಸಿ, ಮೊಬೈಲಿಗೆ ದುಡ್ಡು ಹಾಕಿದರು. ಜನ ಏನು ಮಾಡಿದರು? ಎಷ್ಟೋ ಮನೆಯವರು ಹುಲ್ಲು ತೆಗೆದು ತಗಡು ಹಾಕಿಸಿದರು. ಇದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾ? ನಿಮ್ಮ ಅಜ್ಜಿಯನ್ನು ಕೇಳಿ. ಪ್ರತಿ ವರ್ಷ ಮಳೆಗೆ ಮೊದಲು ಗುಡ್ಡೆಯಿಂದ ಮುಳಿಹುಲ್ಲು ತಂದು ಮಾಡು ಹೊದೆಸುವ ಖರ್ಚು ಎಷ್ಟು, ಆಳು ಎಷ್ಟು, ಆ ವರ್ಷ ಆಗದಿದ್ದರೆ ಆಟಿಯ ಮಳೆಯಲ್ಲಿ ಎಲ್ಲೆಲ್ಲಿ ಪಾತ್ರೆ ಇಡಬೇಕು ಎಂದು ಅವರು ಹೇಳುತ್ತಾರೆ. ತಗಡು ಶೋಕಿಯಲ್ಲ. ವರ್ಷ ವರ್ಷ ಹುಲ್ಲಿಗೆ ಹಾಕುವ ದುಡ್ಡು ಉಳಿಯುತ್ತದೆ. ‘ವಸತಿ ಗುಣಮಟ್ಟ’ ಎಂದ ಕೂಡಲೇ ಇದೆಲ್ಲ ಮಾಯ.

ಇನ್ನು ಗಡಂಗಿನ ವಿಷಯ. ‘ಬಡವರಿಗೆ ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಎಂಬುದು ಸುಳ್ಳೆಂದು ಸಾಬೀತಾಗಿದೆ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದೀರಿ. ನಿಮ್ಮ ಮಾತಿಗೆ ಆಧಾರ ಇಲ್ಲವೆಂದಲ್ಲ. ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ 2014ರಲ್ಲಿ ಬೇರೆ ಬೇರೆ ದೇಶಗಳ 19 ಅಧ್ಯಯನ ಒಟ್ಟಿಗಿಟ್ಟು ನೋಡಿದ್ದರು. ಹೆಂಡ, ತಂಬಾಕಿನ ಖರ್ಚು ಜಾಸ್ತಿಯಾದದ್ದು ಕಾಣಲಿಲ್ಲ. ಕೆಲವು ಕಡೆ ಕಡಿಮೆಯೇ ಆಗಿತ್ತು. ಒಳ್ಳೆಯ ಸಾಕ್ಷಿ. ಆದರೆ ಅದು ಸರಾಸರಿ. ನಿಮ್ಮ ಹನ್ನೊಂದು ಪುಟದಲ್ಲಿ ಕುಡಿಯುವ ಗಂಡ ಒಬ್ಬನೂ ಇಲ್ಲ. ಪೆರ್ಲದಲ್ಲಿ ಇಲ್ಲವೇ? ನಿಮ್ಮ ಓದುಗರಿಗೆ ಅಂಥ ಒಬ್ಬನಾದರೂ ಗೊತ್ತಿರುತ್ತಾನೆ. ನೀವು ಅವನನ್ನು ಬಚ್ಚಿಟ್ಟರೆ ಅವರು 19 ಅಧ್ಯಯನವನ್ನೂ ನಂಬುವುದಿಲ್ಲ. ಅವನನ್ನು ಒಳಗೆ ಕರೆಯಿರಿ, ಆಮೇಲೆ ಸರಾಸರಿ ಹೇಳಿ.

ಬಚ್ಚಿಡುವುದು ಇದೊಂದೇ ಅಲ್ಲ. ಅಮೆರಿಕದಲ್ಲಿ ಸಾವಿರ ಬಡ ತಾಯಂದಿರನ್ನು ಹೆರಿಗೆಯಾದ ಕೂಡಲೇ ಸೇರಿಸಿಕೊಂಡು, ಕೆಲವರಿಗೆ ತಿಂಗಳಿಗೆ 333 ಡಾಲರ್, ಉಳಿದವರಿಗೆ 20 ಡಾಲರ್ ಕೊಟ್ಟ ಪ್ರಯೋಗವನ್ನು ಹೊಗಳಿದ್ದೀರಿ. ಜಾಸ್ತಿ ದುಡ್ಡು ಸಿಕ್ಕಿದ ಮನೆಯ ಒಂದು ವರ್ಷದ ಕೂಸುಗಳ ಮೆದುಳಿನ ಅಲೆಗಳಲ್ಲಿ ವ್ಯತ್ಯಾಸ ಕಂಡಿತು ಎಂಬ 2022ರ ಸುದ್ದಿಯಲ್ಲಿ ನಿಲ್ಲಿಸಿಬಿಟ್ಟಿದ್ದೀರಿ. ಮಕ್ಕಳಿಗೆ ನಾಲ್ಕು ವರ್ಷವಾದಾಗ ಮತ್ತೆ ನೋಡಿದ್ದರು. ಮಾತು, ನಡವಳಿಕೆ, ಮೆದುಳಿನ ಅಲೆ, ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗೆಯೇ ಟೆಕ್ಸಾಸ್ ಮತ್ತು ಇಲಿನಾಯ್‌ನಲ್ಲಿ ಮೂರು ವರ್ಷ ತಿಂಗಳಿಗೆ ಸಾವಿರ ಡಾಲರ್ ಕೊಟ್ಟು ನೋಡಿದ ಪ್ರಯೋಗ. ದುಡ್ಡು ಸಿಕ್ಕಿದವರು ವಾರಕ್ಕೆ ಸರಾಸರಿ 1.3 ಗಂಟೆ ಕಡಿಮೆ ದುಡಿದರು. ಇದನ್ನೂ ಬಿಟ್ಟಿದ್ದೀರಿ. ಯಾಕೆ ಹೆದರಿಕೆ? ವಾರಕ್ಕೆ ಒಂದೂಕಾಲು ಗಂಟೆ ಅಂದರೆ ದಿನಕ್ಕೆ ಹತ್ತು ಹನ್ನೊಂದು ನಿಮಿಷ. ‘ಜನ ಸೋಮಾರಿಗಳಾದರು’ ಎನ್ನುವವರ ಮುಂದೆಯೂ ‘ಏನೂ ಆಗಲಿಲ್ಲ’ ಎನ್ನುವವರ ಮುಂದೆಯೂ ಅದೇ ಲೆಕ್ಕ ಇಡಿ.

ಇಷ್ಟು ದೂರದ್ದೆಲ್ಲ ಬಂದು, ಮಧ್ಯಪ್ರದೇಶದ್ದು ಒಂದೇ ಸಾಲಿನಲ್ಲಿ ಮುಗಿದಿದೆ. ‘ಸೇವಾ’ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ 2011ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಶುರುಮಾಡಿದ ಪ್ರಯೋಗ ಅದು. ಮೊದಲು ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ನಮ್ಮ ಓದುಗರಿಗೆ ಡಾಲರಿಗಿಂತ ಇದು ಬೇಗ ತಲೆಗೆ ಹೋಗುತ್ತದೆ. ಬೆಳೆಸಿ.

ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತಲ್ಲ, ಅದನ್ನೂ ಇದೇ ಪಟ್ಟಿಗೆ ಸೇರಿಸಿದ್ದೀರಿ. ತೆಗೆಯಿರಿ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದಕ್ಕೆ ಸಿಗಬೇಕಾದ ಪರಿಹಾರ ಅದು. ಆ ವಿಷ ಬಿದ್ದ ಎಣ್ಮಕಜೆಯವರು ಓದಿದರೆ ನಮ್ಮ ಆಫೀಸಿಗೇ ಬಂದು ಕೇಳುತ್ತಾರೆ. ಕೇಳಬೇಕಾದದ್ದೇ.

ಈಗ ಐದನೇ ಪುಟ.

ನಿಮ್ಮ ನೆರೆಮನೆಯ ಬೀಡಿ ಕಟ್ಟುವ ಅಕ್ಕ. ಕೇರಳದ ವಿಧವಾ ಪೆನ್ಶನ್ ತಿಂಗಳಿಗೆ 1600 ಇದ್ದಾಗಿನ ಮಾತು. ಐದು ತಿಂಗಳು ಬಾಕಿ. ಒಂದು ದಿನ ಸಹಕಾರಿ ಸೊಸೈಟಿಯವರು ಮನೆಗೆ ಬಂದು ಎರಡು ತಿಂಗಳದ್ದು ಒಟ್ಟಿಗೆ 3200 ಎಣಿಸಿ ಕೊಟ್ಟರು. ಅಕ್ಕ ಮೊರವನ್ನು ಬದಿಗೆ ಸರಿಸಿ, ಕೈಯಲ್ಲಿದ್ದ ಬೀಡಿ ಎಲೆಯ ಹುಡಿ ಸೀರೆಗೆ ಒರೆಸಿಕೊಂಡು, ಎರಡೆರಡು ಸಲ ಎಣಿಸಿದರು. ಆ ಸಂಜೆಯೇ ಅಂಗಡಿಗೆ ಹೋಗಿ 2750 ಕೊಟ್ಟು ಸಾಲದ ಪುಸ್ತಕದಲ್ಲಿ ಗೀಟು ಹಾಕಿಸಿದರು. ಇಷ್ಟನ್ನು ಬರೆದು, ತಕ್ಷಣ ‘ಹೀಗೆ ನಗದು ವರ್ಗಾವಣೆಯು ಮಹಿಳೆಯರ ಸಬಲೀಕರಣಕ್ಕೆ…’ ಎಂದು ಶುರುಮಾಡಿದ್ದೀರಿ. ಅಯ್ಯೋ.

ನಿಮ್ಮ ಲೇಖನ ಇರುವುದು ಅಲ್ಲಿ. ನಿಮಗೇ ಗೊತ್ತಾಗಿಲ್ಲ. ಕೀನ್ಯಾದ ಅಧ್ಯಯನ ಮಾಡಿದವರು ಇನ್ನೊಂದು ಪ್ರಶ್ನೆ ಕೇಳಿದ್ದರು: ಅದೇ ಮೊತ್ತವನ್ನು ಒಂದೇ ಸಲ ಕೊಟ್ಟರೆ ಏನು, ತಿಂಗಳು ತಿಂಗಳು ಕೊಟ್ಟರೆ ಏನು? 25,200 ಶಿಲ್ಲಿಂಗನ್ನು ಕೆಲವರಿಗೆ ಇಡಿಯಾಗಿ, ಕೆಲವರಿಗೆ ಒಂಬತ್ತು ಕಂತಿನಲ್ಲಿ ಕೊಟ್ಟರು. ಇಡಿಯಾಗಿ ಸಿಕ್ಕಿದವರು ಬಾಳಿಕೆ ಬರುವ ಸಾಮಾನಿಗೆ ಜಾಸ್ತಿ ಹಾಕಿದರು. ತಿಂಗಳು ತಿಂಗಳು ಸಿಕ್ಕಿದವರ ಮನೆಯಲ್ಲಿ ಊಟದ ಚಿಂತೆ ಇನ್ನೂ ಜಾಸ್ತಿ ಇಳಿಯಿತು. ಈಗ ನಿಮ್ಮ ಅಕ್ಕನನ್ನು ನೋಡಿ. ಅವರಿಗೆ ಸಿಗಬೇಕಿದ್ದದ್ದು ತಿಂಗಳು ತಿಂಗಳು. ಸಿಕ್ಕಿದ್ದು ಗಂಟಾಗಿ. ಆದರೆ ಗಂಟು ಬರುವ ಮೊದಲೇ ಅದರ ಅಕ್ಕಿ ಬೆಂದು, ಉಂಡೂ ಆಗಿತ್ತು, ಅಂಗಡಿಯವನ ಸಾಲದಲ್ಲಿ. ಊಟ ನಿಲ್ಲಲಿಲ್ಲ, ನಿಜ. ಆದರೆ ತಿಂಗಳ ದುಡ್ಡಿನ ನೆಮ್ಮದಿಯೂ ಇಲ್ಲ, ಗಂಟಿನಲ್ಲಿ ಒಂದು ಸಾಮಾನು ತರುವ ಅನುಕೂಲವೂ ಇಲ್ಲ. ಇದನ್ನು ನೀವು ಬರೆದರೆ ನಾನು ಹಾಕುತ್ತೇನೆ. ಅಂಗಡಿಯವನನ್ನೂ ಮಾತಾಡಿಸಿ. ಐದು ತಿಂಗಳು ಊರಿಗೆ ಸಾಲ ಕೊಟ್ಟು ಅವನು ತನ್ನ ಸರಕಿಗೆ ದುಡ್ಡು ಎಲ್ಲಿಂದ ತಂದ?

ಇನ್ನೊಂದು. ನಿಮ್ಮ ಮನೆಯಿಂದ ಕೇರಳ-ಕರ್ನಾಟಕ ಗಡಿಯ ಸಾರಡ್ಕ ಗೇಟು ಎಷ್ಟು ದೂರ? ಆಚೆ ಕರ್ನಾಟಕದ ವಿಟ್ಲಕ್ಕೆ ಮದುವೆಯಾಗಿ ಹೋದ ತಂಗಿಗೆ ತಿಂಗಳಿಗೆ ಗೃಹಲಕ್ಷ್ಮಿಯ 2000. 2023ರ ಆಗಸ್ಟಿನಿಂದ ಇರುವ ಯೋಜನೆ. ಈಚೆ ಕೇರಳದಲ್ಲಿ ಇರುವ ಅವಳ ಅಕ್ಕನಿಗೆ ಆ ಹಣ ಇಲ್ಲ. ಆಟಿ ತಿಂಗಳಲ್ಲಿ ತಂಗಿ ತವರಿಗೆ ಬಂದಾಗ ಈ ಮಾತು ಬಂದೇ ಬರುತ್ತದೆ ಅಲ್ವಾ? ಇದು ಪ್ರಯೋಗ ಅಲ್ಲ. ಎರಡು ರಾಜ್ಯ, ರೇಷನ್ ಬೇರೆ, ಕೂಲಿ ಬೇರೆ. ಹಾಗಾಗಿ ‘ಗೃಹಲಕ್ಷ್ಮಿಯಿಂದ ತಂಗಿ ಮುಂದೆ ಬಂದಳು’ ಎಂದು ತೀರ್ಪು ಕೊಡಬೇಡಿ. ಇಬ್ಬರೂ ಚಾವಡಿಯಲ್ಲಿ ಕೂತು ಏನು ಮಾತಾಡಿದರು, ಅಷ್ಟು ಬರೆದರೆ ಸಾಕು. ಅಂಥ ಮನೆ ಬೆಂಗಳೂರಿನವರಿಗೆ ಸಿಗುವುದಿಲ್ಲ. ನಿಮಗೆ ನಡೆದು ಹೋದರೆ ಸಿಗುತ್ತದೆ.

ಹನ್ನೊಂದು ಪುಟ ನಾಲ್ಕಕ್ಕೆ ಇಳಿಯಲಿ. ‘ರಾಮಬಾಣ’ ತಲೆಬರಹದಿಂದ ಹೋಗಲಿ. ಅಂಕಿಗಳು ಅಕ್ಕನ ಹಿಂದಿನಿಂದ ಬರಲಿ, ಮುಂದಿನಿಂದ ಬೇಡ. ಅಕ್ಕನನ್ನು ಗುರುತು ಸಿಗದ ಹಾಗೆ ಬರೆಯಿರಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿದರೆ ಮಾತ್ರ ಕಳಿಸಿ. ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಸಿಕ್ಕಿದರೆ ಆ ಸಂಚಿಕೆಗೇ ಹಾಕಬಹುದು.

ಮತ್ತೆ, 3200ರಲ್ಲಿ 2750 ಅಂಗಡಿಗೆ ಹೋಯಿತು ಎಂದಿರಿ. ಉಳಿದ 450ರಲ್ಲಿ ಅಕ್ಕ ಏನು ಮಾಡಿದರು? ಕೇಳಿ ಬರೆಯಿರಿ. ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಒಂದಿಷ್ಟು ಎಲೆ ಅಡಿಕೆಯಾದರೂ ತೆಗೆದುಕೊಂಡು ಹೋಗಿ.

ನಿಮ್ಮ,
ಸಂಪಾದಕ